ದೋಣಿಗೆ ಚಕ್ರ ಹುಡುಕಿದ್ದು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಲೆಕ್ಕ ಅಂದಮೇಲೆ ಉತ್ತರ ಇದ್ದೇ ಇರುತ್ತದೆ, ತೋಚದಿದ್ದರೆ ಪುಸ್ತಕದ ಕೊನೆಯ ಪುಟ ತಿರುಗಿಸಿದರಾಯಿತು ಎಂದು ಮಕ್ಕಳಿಗೆ ಧೈರ್ಯ ಹೇಳುತ್ತಿದ್ದೆ. ಅಂಥವಳ ತಲೆ ಪೂರ್ತಿ ಕೆಟ್ಟುಹೋದದ್ದು ಎರಡೇ ಎರಡು ಚಕ್ರಗಳ ವಿಷಯದಲ್ಲಿ. ಅದೂ ಗಾಡಿಯ ಚಕ್ರವಲ್ಲ, ದೋಣಿಯ ಚಕ್ರ. ದೋಣಿಗೆ ಚಕ್ರ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಆ ಚಕ್ರಗಳ ಹಿಂದೆ ನಾನು ಅಲೆದಷ್ಟು ನನ್ನ ಮಗಳಿಗೆ ಗಂಡು ಹುಡುಕುವಾಗಲೂ ಅಲೆದಿಲ್ಲ.

ನನ್ನ ಯಜಮಾನರು ಪಂಪ್‌ಸೆಟ್ ಮೆಕ್ಯಾನಿಕ್ಕು. ಅರಕಲಗೂಡಿನ ಸುತ್ತ ಅವರು ಇಳಿಯದ ಬಾವಿ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಬಾವಿಗೆ ಮೋಟರು ಇಳಿಸುತ್ತಿದ್ದಾಗ ಚೈನು ಜಾರಿ, ಮೋಟರಿನ ಜೊತೆ ಅವರೂ ಒಳಗೆ ಹೋದರು. ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಕ್ಕೆ ಸ್ವಾಧೀನ ತಪ್ಪಿತು. ಎಡಭುಜದೊಳಗೆ ಪ್ಲೇಟು ಕೂತಿತು. "ಒಂದು ಬಿಂದಿಗೆ ನೀರಿನಷ್ಟು ಭಾರ ಎತ್ತಬಹುದು, ಅದರ ಮೇಲೆ ಬೇಡ" ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದರು. ಮಗಳು ಆಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ನಾವಿಬ್ಬರೇ.

ಬೆಳಿಗ್ಗೆ ಸ್ಕೂಲಿನ ಬಸ್ಸಿಗೆ ಓಡುವ ಮುಂಚೆ ಅವರ ಶರ್ಟಿನ ಗುಂಡಿ ನಾನು ಹಾಕುತ್ತಿದ್ದೆ. ಅವರು ಗೋಡೆ ನೋಡಿಕೊಂಡು ನಿಲ್ಲುತ್ತಿದ್ದರು. ಹೊರಗೆ ಹೋದರೆ ಊರಿನವರ ಉಪಚಾರ. ಒಂದು ಚೊಂಬು ಎತ್ತಲು ಬಗ್ಗಿದರೂ "ಬುಡಣ್ಣ, ನಾನ್ ಎತ್ಕೊಡ್ತೀನಿ" ಎಂದು ಯಾರಾದರೂ ಓಡಿ ಬರುವರು. ಒಳ್ಳೆಯ ಮನಸ್ಸಿನಿಂದಲೇ ಬರುತ್ತಿದ್ದರು. ಅದಕ್ಕೇ ಇವರಿಗೆ ಬೈಯಲೂ ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ದೋಣಿ ಬಂತು. ಸಕಲೇಶಪುರದ ಕಡೆಯ ತೋಟದ ಸಾಹುಕಾರರೊಬ್ಬರ ಪಂಪುಗಳನ್ನು ಇವರು ಬಹಳ ವರ್ಷ ನೋಡಿಕೊಂಡಿದ್ದರು. ಅವರು ತೋಟ ಮಾರಿ ಹೋಗುವಾಗ, "ನೀನು ಹಿನ್ನೀರಿನ ಪಕ್ಕದವನು, ನಿನಗಾದರೂ ಉಪಯೋಗಕ್ಕೆ ಬರಲಿ" ಎಂದು ಒಂದು ರಬ್ಬರ್ ದೋಣಿ, ಅದರ ಸಣ್ಣ ಪೆಟ್ರೋಲ್ ಮೋಟರು, ನೀರಿನಲ್ಲಿ ಮುಳುಗದಂತೆ ತೊಡುವ ಕಿತ್ತಳೆ ಬಣ್ಣದ ಒಂದು ಜಾಕೆಟ್ಟು ಜೀಪಿನಲ್ಲಿ ಹಾಕಿ ಕಳಿಸಿದರು. ಹೇಮಾವತಿ ಹಿನ್ನೀರು ನಮ್ಮ ಗದ್ದೆಯ ಕೆಳಗೇ ಬಂದು ನಿಲ್ಲುತ್ತದೆ. ಊರಿನ ಮೀನುಗಾರರ ಹತ್ತಿರ ಇದ್ದದ್ದು ತೆಪ್ಪಗಳು. ಗಾಳಿ ತುಂಬಿದರೆ ದೋಣಿಯಾಗುವ ವಸ್ತುವನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಇವರು ಸೈಕಲ್ ಪಂಪಿಗೆ ಏನೇನೋ ಸಿಕ್ಕಿಸಿ, ಕಾಲಿನಲ್ಲಿ ಅದುಮಿ ಅದುಮಿ, ಒಂದು ಮಧ್ಯಾಹ್ನ ಪೂರ್ತಿ ಗಾಳಿ ಹೊಡೆದು ನಿಲ್ಲಿಸಿದರು. ಹಿಂದಿನ ಮರದ ಹಲಗೆಗೆ ಮೋಟರು ಕಚ್ಚಿಸಿದರು. ಎಡಗೈಯಲ್ಲೇ ದಾರ ಎಳೆದು ಅದನ್ನು ಚಾಲೂ ಮಾಡಿದಾಗ ಅವರ ಮುಖ ನೋಡಬೇಕಿತ್ತು.

ಆದರೆ ದೋಣಿ ಇದ್ದದ್ದು ಗದ್ದೆಯ ಪಂಪ್‌ಹೌಸಿನಲ್ಲಿ, ನೀರು ಇದ್ದದ್ದು ಇಳಿಜಾರಿನ ಕೆಳಗೆ. ನಾಲ್ಕು ಜನ ಹೊತ್ತು ಇಳಿಸಿದರು. ವಾಪಸ್ಸು ಬಂದಾಗ ನಾಲ್ಕು ಜನ ಹೊತ್ತು ಹತ್ತಿಸಿದರು. ಎರಡು ಸಲ ಹಾಗಾದಮೇಲೆ ಇವರು ಜಗಲಿಯ ಮೇಲೆ ಕೂತು ಹೇಳಿಬಿಟ್ಟರು:

"ಯಾರ್ನೂ ಕರೀದಂಗೆ ನಾನೊಬ್ನೇ ಇಳ್ಸಂಗಿದ್ರೆ ದೋಣಿ ಇರ್ಲಿ. ಇಲ್ದಿದ್ರೆ ಬ್ಯಾಡ ಕಣೆ, ಯಾರ್ಗಾರ ಕೊಟ್ಬುಡಾನ."

ಅವರು ಕೇಳಿದ್ದು ಇಷ್ಟೇ. ಬಿದ್ದಮೇಲೆ ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಹೆದರಿಕೆ. ನಡುನೀರಿನಲ್ಲಿ ಮೋಟರು ನಿಂತುಹೋದರೆ ಒಂದು ಕೈಯಲ್ಲಿ ಹುಟ್ಟು ಹಾಕಲಾದೀತೇ? ಆ ಪ್ರಶ್ನೆಯನ್ನು ನಾನು ಅವರನ್ನು ಕೇಳಲಿಲ್ಲ. ಕೇಳಿದರೆ ಆ ಕೈಯನ್ನು ಎತ್ತಿ ತೋರಿಸಿದ ಹಾಗಾಗುತ್ತಿತ್ತು.

ಮೋಟರಿನ ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪುಸ್ತಿಕೆ ಸಿಕ್ಕಿತು. ಪರದೇಶದ್ದು. ಅದರಲ್ಲಿ ಚಕ್ರದ ಚಿತ್ರಗಳಿದ್ದವು. ದೋಣಿಯ ಹಿಂದಿನ ಹಲಗೆಯ ಎರಡು ಬದಿಗೆ ಎರಡು ಕಾಲು, ಕಾಲಿನ ತುದಿಗೆ ಚಕ್ರ. ನೆಲದ ಮೇಲೆ ಕಾಲು ಕೆಳಗೆ ಮಾಡಿ ಪಿನ್ನು ಹಾಕುವುದು, ಮೂತಿಯ ಹಗ್ಗ ಹಿಡಿದು ಎಳೆದುಕೊಂಡು ಹೋಗುವುದು, ನೀರಿಗಿಳಿದಮೇಲೆ ಕಾಲು ಮೇಲಕ್ಕೆ ಮಡಚುವುದು. ಚಿತ್ರದಲ್ಲಿ ಒಬ್ಬ ಬಿಳಿಯ ಮುದುಕ ನಗುನಗುತ್ತಾ ಒಂದೇ ಕೈಯಲ್ಲಿ ಎಳೆಯುತ್ತಿದ್ದ. ಇನ್ನೊಂದು ಕೈ ಸೊಂಟದ ಮೇಲಿತ್ತು.

"ನೋಡು, ಒಂದೇ ಕೈಯಿ" ಎಂದರು ಇವರು. ಪುಸ್ತಿಕೆಯನ್ನು ನನ್ನ ಮಡಿಲಿಗೆ ಹಾಕಿದರು. "ನೀನು ಟೀಚರಮ್ಮ. ಓದಿ ಏಳು, ಯಾವ್ದು ನಮಗಾಯ್ತದೆ ಅಂತ."

ಓದಿದೆ. ಓದಿದಷ್ಟೂ ಮಂಕು ಕವಿಯಿತು. ಚಕ್ರ ಮೂರು ಜಾತಿ: ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣವು, ಗಾಳಿ ಹೊಡೆಯುವ ನಡುಗಾತ್ರದವು, ಕುಂಬಳಕಾಯಿಯಂತೆ ಊದಿಕೊಂಡ ದಪ್ಪನೆಯವು. ಸಣ್ಣದಾದರೆ ಹಗುರ, ಆದರೆ ಹೂತುಕೊಳ್ಳುತ್ತದೆ. ದೊಡ್ಡದಾದರೆ ಹೂತುಕೊಳ್ಳುವುದಿಲ್ಲ, ಆದರೆ ಮಡಚಿದಾಗ ಮೋಟರಿಗೆ ತಗಲುತ್ತದೆ. ದಪ್ಪನೆಯದಾದರೆ ಕೆಸರಿನ ಮೇಲೆ ತೇಲಿದಂತೆ ಹೋಗುತ್ತದೆ, ಆದರೆ ನೀರಿಗಿಳಿದಮೇಲೂ ತೇಲುತ್ತದೆ, ಮಡಚಲು ಬಿಡುವುದಿಲ್ಲ. ಯಾವ ನೆಲಕ್ಕೆ ಯಾವ ಚಕ್ರ ಎಂದು ಒಂದು ಪಟ್ಟಿಯೂ ಇತ್ತು. ಮರಳು, ಜಲ್ಲಿ, ಸಿಮೆಂಟು. ನಮ್ಮ ನೆಲ ಅದರಲ್ಲಿ ಇರಲೇ ಇಲ್ಲ.

ನಮ್ಮ ನೆಲ ಯಾವುದು ಎಂದು ನಮಗೇ ಗೊತ್ತಿರಲಿಲ್ಲ ಅನ್ನಿ. ಶ್ರಾವಣದಲ್ಲಿ ನೀರು ಗದ್ದೆಯ ಬದುವಿಗೇ ಬಂದಿರುತ್ತದೆ. ಪಂಪ್‌ಹೌಸಿನಿಂದ ಹತ್ತು ಹೆಜ್ಜೆ, ಗರಿಕೆ ಹುಲ್ಲು. ಸಂಕ್ರಾಂತಿಯ ಹೊತ್ತಿಗೆ ಇಳಿದು ಕಲ್ಲು ಏಳುತ್ತದೆ. ಯುಗಾದಿಗೆ ನೋಡಿದರೆ ನೀರು ಅಲ್ಲೆಲ್ಲೋ ದೂರದಲ್ಲಿ. ನಡುವೆ ಬಿರುಕು ಬಿಟ್ಟ ಹೂಳು, ಅದರಾಚೆ ಮೊಣಕಾಲುದ್ದ ಕೆಸರು, ಮುಳುಗಿದ ಮರಗಳ ಬೊಡ್ಡೆ. ಯಾವ ತಿಂಗಳಿಗೆ ಅಂತ ಚಕ್ರ ಕೊಳ್ಳಬೇಕು?

ಮೊದಲು ಹಾಸನಕ್ಕೆ ಹೋದೆವು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ "ದೋಣಿಗೆ ಚಕ್ರ ಬೇಕಿತ್ತು" ಎಂದೆ. ಅಂಗಡಿಯವನು ಕೆಲಸದವನ ಮುಖ ನೋಡಿದ, ಕೆಲಸದವನು ಅಂಗಡಿಯವನ ಮುಖ ನೋಡಿದ.

"ದೋಣಿ ನೀರಲ್ಲಿ ತಾನೇ ಮೇಡಂ ಹೋಗೋದು? ಅದಕ್ಕೆ ಚಕ್ರ ಯಾಕೆ?"

"ನೀರಿನ ತನಕ ಅದು ನಡ್ಕೊಂಡು ಹೋಗುತ್ತಾ?" ಎಂದೆ. ನನಗೆ ಮೂಗಿನ ತುದಿಯಲ್ಲಿ ಕೋಪ. ಪಕ್ಕದಲ್ಲಿ ನಿಂತಿದ್ದ ಇವರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು, ನಗು ಮುಚ್ಚಿಕೊಳ್ಳಲು. ಸೈಕಲ್ ಅಂಗಡಿಯಲ್ಲಿ ಮಕ್ಕಳ ಸೈಕಲ್ಲಿನ ಚಕ್ರ ತೋರಿಸಿದರು. ಗುಜರಿಯಲ್ಲಿ ಆಟೋದ ಚಕ್ರ ತೋರಿಸಿದರು. ಅದನ್ನು ಎತ್ತಲೇ ಒಬ್ಬ ಆಳು ಬೇಕು. ಖಾಲಿ ಕೈಯಲ್ಲಿ ಬಸ್ಸು ಹತ್ತಿದೆವು.

ಚನ್ನರಾಯಪಟ್ಟಣದಲ್ಲಿ ತಳ್ಳುಗಾಡಿಗಳನ್ನು ಕಟ್ಟುವವರಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಒಂದು ಶನಿವಾರ ಅಲ್ಲಿಗೂ ಹೋಗಿ ಕಡ್ಡಿಗಳಿರುವ ಎರಡು ಎತ್ತರದ ಚಕ್ರ ತಂದು ಕೆಸರಿನಲ್ಲಿ ಉರುಳಿಸಿ ನೋಡಿದೆವು. ಚಾಕು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿದವು. ಆಮೇಲೆ ರಾಮನಾಥಪುರದಿಂದ ನನ್ನ ಅಣ್ಣ ಬಂದ. ಅವನು ಹೊಗೆಸೊಪ್ಪು ಬೆಳೆಯುವವನು. ಹರಾಜಿನ ಕಟ್ಟೆಯಲ್ಲಿ ಸೊಪ್ಪಿನ ಬೇಲುಮೂಟೆ ಸಾಗಿಸುವ ಟ್ರಾಲಿಯ ಪುಟ್ಟ ಕಬ್ಬಿಣದ ಚಕ್ರಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ.

"ಏನ್ ಭಾರ ತಡೀತವೆ ಗೊತ್ತೇನವ್ವ ಇವು? ಆನೆ ಕೂರ್ಸು, ಅಂಗೇ ಓಯ್ತವೆ."

"ಸಿಮೆಂಟಿನ ಮೇಲೆ ತಾನೇ ಅಣ್ಣ?"

"ಊ ಮತ್ತೆ."

"ಇಲ್ಲಿ ಸಿಮೆಂಟು ಎಲ್ಲಿದೆ?"

ಅಣ್ಣ ಇಳಿಜಾರನ್ನು ನೋಡಿದ. "ಆಕಿಸ್ಬುಡಿ" ಎಂದು ಸಲಹೆ ಕೊಟ್ಟು ಊಟ ಮಾಡಿ ಹೋದ.

ಹೀಗೆ ಮೂರು ತಿಂಗಳು. ಕಂಡವರೆಲ್ಲ ಒಂದೊಂದು ಹೇಳುವರು. ಮೊಪೆಡ್ಡಿನ ಚಕ್ರ ಹಾಕಿ ಅಂದರು, ಚಕ್ರವೇ ಬೇಡ ಬಾಳೆದಿಂಡು ಹಾಸಿ ಜಾರಿಸಿ ಅಂದರು, ಗಾಳಿ ಪೂರ್ತಿ ಹೊಡೀರಿ ಅಂದರು, ಅರ್ಧವೇ ಹೊಡೀರಿ ಅಂದರು. ನಾನು ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ದೊಡ್ಡ ಚಕ್ರ ಸರಿ ಅನ್ನಿಸುವುದು, ಸಂಜೆಗೆ ಸಣ್ಣದು. ಕ್ಲಾಸಿನಲ್ಲಿ ವೃತ್ತದ ಪರಿಧಿ ಹೇಳಿಕೊಡುತ್ತಾ ನಡುವೆ ನಿಂತುಬಿಟ್ಟಿದ್ದೆ ಒಂದು ದಿನ. ಕಡೆಗೆ ಕಟ್ಟಡದ ಕೆಲಸದವರು ಗಾರೆ ಸಾಗಿಸುವ ಒಂಟಿಚಕ್ರದ ಕೈಗಾಡಿ ಕಣ್ಣಿಗೆ ಬಿತ್ತು. ಅಗಲವಾದ ಟೈರು, ಒಳಗೆ ಗಾಳಿ, ಇಟ್ಟಿಗೆ ಚೂರಿನ ಮೇಲೂ ಹೋಗುತ್ತದೆ, ಒದ್ದೆ ಮಣ್ಣಿನ ಮೇಲೂ ಹೋಗುತ್ತದೆ. ಅಂಥವು ಎರಡು ಸಾಕು ಎಂದು ತೀರ್ಮಾನಿಸಿದೆವು. ಅಬ್ಬ, ಮುಗಿಯಿತು ಅಂದುಕೊಂಡೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅನ್ನುವ ಹಾಗೆ, ಚಕ್ರ ಸಿಕ್ಕಮೇಲೆ ಅದನ್ನು ಹಾಕಿಸುವುದೇನು ಮಹಾ?

ಅಷ್ಟರಲ್ಲಿ ಅಣ್ಣನ ಮನೆಯಲ್ಲಿ ಯಾವುದೋ ಪೂಜೆ. ಒಬ್ಬಳೇ ಹೋಗಿ ವಾಪಸ್ಸು ಬರುವಾಗ ರಾಮನಾಥಪುರದ ರಸ್ತೆಯಲ್ಲಿ ಬಸ್ಸು ನಿಂತಿತು. ಮುಂದೆ ಹುಲ್ಲಿನ ಗಾಡಿ. ನೊಗ ಕಟ್ಟುವ ಮೂಕಿಮರ ಎತ್ತುಗಳ ಕುತ್ತಿಗೆಯನ್ನು ಅದುಮಿದ್ದರಿಂದ ಅವು ಮುಂದಕ್ಕೆ ಕಾಲೇ ಇಡುತ್ತಿರಲಿಲ್ಲ. ಗಾಡಿಯವನು ಇಳಿದು ಮೇಲಿದ್ದವನಿಗೆ ಕೂಗಿದ:

"ಮುಂಭಾರ ಆಗದೆ ಕಣ್ಲಾ! ನಾಕ್ ಒರೆ ಇಂದಕ್ ಜರುಗ್ಸು!"

ಅವನು ನಾಲ್ಕು ಹೊರೆ ಹಿಂದಕ್ಕೆ ಎಳೆದು ಹಾಕಿದ. ಮೂಕಿ ಹಗುರವಾಗಿ ಎದ್ದಿತು. ಎತ್ತುಗಳು ತಲೆ ಕೊಡವಿಕೊಂಡು ನಡೆದವು.

ನಾನು ಗಾಡಿ ಇದ್ದ ಮನೆಯಲ್ಲಿ ಹುಟ್ಟಿದವಳು. ಮುಂಭಾರ, ಹಿಂಭಾರ ಎನ್ನುವುದನ್ನು ನಮ್ಮಪ್ಪ ಗಾಡಿ ಹೇರುವಾಗಲೆಲ್ಲ ಕೇಳಿ ಬೆಳೆದವಳು. ಭಾರ ಅಚ್ಚಿನ ಮೇಲೆ ಕೂರಬೇಕು, ಎತ್ತಿನ ಕುತ್ತಿಗೆಯ ಮೇಲಲ್ಲ. ಇಷ್ಟು ಗೊತ್ತಿದ್ದೂ ಮೂರು ತಿಂಗಳು ಪರದೇಶದ ಪುಸ್ತಿಕೆ ಹಿಡಿದುಕೊಂಡು ಚಕ್ರದ ಗಾತ್ರ ಅಳೆಯುತ್ತಾ ಕೂತಿದ್ದೆನಲ್ಲ! ಚಕ್ರ ಎಷ್ಟು ದೊಡ್ಡದು ಅನ್ನುವುದಲ್ಲ ವಿಷಯ, ಅದು ಎಲ್ಲಿ ಕೂರುತ್ತದೆ ಅನ್ನುವುದು. ಪುಸ್ತಿಕೆಯವರು ಹೇಳಿದಂತೆ ತೀರ ಹಿಂದಿನ ಹಲಗೆಗೆ ಹಾಕಿದರೆ ದೋಣಿಗೆ ಬರೀ ಮುಂಭಾರ. ಮೂತಿ ಹಿಡಿದವನೇ ಎತ್ತಾಗಬೇಕು. ಆ ನಗುವ ಮುದುಕನಿಗೆ ಗಟ್ಟಿ ಭುಜ ಇತ್ತು, ಎಳೆದ.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ದೋಣಿಯ ತೂಕ, ಮೋಟರಿನ ತೂಕ, ಪೆಟ್ರೋಲ್ ಕ್ಯಾನು, ಉದ್ದ. ಹಿಂದಿನ ಹಲಗೆಗೆ ಚಕ್ರ ಹಾಕಿದರೆ ಕೈಗೆ ಬೀಳುವ ಭಾರ ಒಂದೂವರೆ ಬಿಂದಿಗೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಅದನ್ನು ಬಿಟ್ಟು, ಹಿಂದಿನಿಂದ ಒಂದೂವರೆ ಮೊಳ ಮುಂದಕ್ಕೆ, ದೋಣಿಯ ಹೊಟ್ಟೆಯ ಕೆಳಗೆ ಅಡ್ಡಡ್ಡ ಒಂದು ಅಚ್ಚು ಕೊಟ್ಟು ಅದರ ತುದಿಗಳಿಗೆ ಚಕ್ರ ಹಾಕಿದರೆ, ಕೈಗೆ ಒಂದು ಚೊಂಬು ನೀರಿನಷ್ಟೂ ಭಾರ ಬರುವುದಿಲ್ಲ. ಎರಡು ಬೆರಳಿನಲ್ಲಿ ಎಳೆಯಬಹುದು. ನೀರಿಗಿಳಿದಮೇಲೆ ದೋಣಿ ತಾನೇ ತೇಲಿ ಬಿಟ್ಟುಕೊಳ್ಳುತ್ತದೆ, ಅಚ್ಚು-ಚಕ್ರದ ಗಾಡಿ ದಡದಲ್ಲಿ ಉಳಿಯುತ್ತದೆ.

ಉತ್ತರ ಸಿಕ್ಕಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಗೊಂದಲವೇ ಇರಲಿಲ್ಲ. ಇವರು ಹಿತ್ತಿಲಿನಲ್ಲಿ ದನಕ್ಕೆ ಹುಲ್ಲು ಹಾಕುತ್ತಾ ಏನೋ ಗುನುಗುತ್ತಿದ್ದರು. ಕರೆದು ಹೇಳಿದ್ದರೆ ಆಗುತ್ತಿತ್ತು. ಬಾಯಿ ತೆರೆದೆ. ಎರಡು ಬೆರಳಿನಲ್ಲಿ ದೋಣಿ ಎಳೆದುಕೊಂಡು, ನಾನು ಸ್ಕೂಲಿನಲ್ಲಿರುವಾಗ, ಯಾರಿಗೂ ಹೇಳದೆ, ಅವರು ನಡುನೀರಿಗೆ ಹೋಗುವುದು ಕಣ್ಣ ಮುಂದೆ ಬಂತು. ನಿಂತುಹೋದ ಮೋಟರು ಕಂಡಿತು. ಆ ಕಾಗದವನ್ನು ಎರಡು ಮಡಿಕೆ ಮಾಡಿ ಒಲೆಗೆ ಹಾಕಿಬಿಟ್ಟೆ.

ಮುಂದಿನ ವಾರ ದೋಣಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೊಳೆನರಸೀಪುರದ ವೆಲ್ಡಿಂಗ್ ಷಾಪಿಗೆ ಹೋದೆವು. ವೆಲ್ಡರ್ ಕೆಲಸ ಬಲ್ಲವನು. ದೋಣಿಯ ಸುತ್ತ ಎರಡು ಸುತ್ತು ಬಂದ, ಮೂತಿ ಹಿಡಿದು ಎತ್ತಿ ನೋಡಿದ.

"ಎಲ್ಲಿಗ್ ಆಕ್ಬೇಕು ಸಾ? ಇಂದ್ಗಡೆನಾ? ಇಲ್ಲಾ ಒಟ್ಟೆ ಕೆಳುಕ್ಕಾ?"

ಇವರು ಏನಾದರೂ ಹೇಳುವ ಮುಂಚೆ ನಾನು ಪುಸ್ತಿಕೆ ಬಿಚ್ಚಿ ಚಿತ್ರ ತೋರಿಸಿದೆ. "ಇದರಲ್ಲಿ ಇರೋ ಹಾಗೇ ಮಾಡಿ. ಹಿಂದಿನ ಹಲಗೆಗೆ. ಕಂಪನಿಯವರು ಸುಮ್ಮನೆ ಬರೆದಿರ್ತಾರಾ?"

ಇವರು ನನ್ನ ಮುಖ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು ಅನ್ನಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡೆ. ಆಮೇಲೆ ಅವರು ವೆಲ್ಡರ್ ಕಡೆ ತಿರುಗಿ, "ಟೀಚರಮ್ಮ ಏಳ್ದಂಗೇ ಮಾಡಪ್ಪ" ಎಂದರು.

ಮೊದಲ ಭಾನುವಾರ. ಚಕ್ರದ ಕಾಲು ಇಳಿಸಿ ಪಿನ್ನು ಹಾಕಿದರು. ಎಡಗೈಯಲ್ಲಿ ಮೂತಿಯ ಹಗ್ಗ ಹಿಡಿದು ಎತ್ತಿದರು. ದೋಣಿ ಎದ್ದಿತು, ಎರಡು ಹೆಜ್ಜೆ ಬಂದಿತು. ಭುಜದ ಹತ್ತಿರ ಏನೋ ಹಿಡಿದುಕೊಂಡಂತೆ ಅವರ ಬಾಯಿ ಬಿಗಿಯಿತು. ನಿಧಾನಕ್ಕೆ ಕೆಳಗಿಟ್ಟರು. ಇನ್ನೊಂದು ಸಲ ಎತ್ತಿದರು, ಇಟ್ಟರು. ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗದೆ ಹೇಳಿದರು:

"ಒಂಚೂರು ಇಡ್ಕೊ ಬಾರೆ."

ಹೋಗಿ ಹಿಡಿದುಕೊಂಡೆ. ಇಬ್ಬರೂ ಸೇರಿ ಸಲೀಸಾಗಿ ಇಳಿಸಿದೆವು. ಜಾಕೆಟ್ಟಿನ ಬಕಲ್ಲನ್ನು ಅವರೇ ಒಂದು ಕೈಯಲ್ಲಿ ಹಾಕಿಕೊಂಡರು. ಮೋಟರು ಮೊದಲ ಎಳೆತಕ್ಕೇ ಚಾಲೂ ಆಯಿತು. ನಾನು ದಡದ ಕಲ್ಲಿನ ಮೇಲೆ ಟೆಸ್ಟ್ ಪೇಪರುಗಳನ್ನಿಟ್ಟುಕೊಂಡು ಕೂತೆ. ಒಂದು ಪೇಪರ್ ತಿದ್ದುವುದು, ತಲೆಯೆತ್ತಿ ನೋಡುವುದು. ತೆಪ್ಪದವರ ಹತ್ತಿರ ಹೋಗಿ ಮಾತಾಡಿಸಿ, ಆಚೆ ದಿಬ್ಬದ ತನಕ ಹೋಗಿ, ಗಂಟೆಯೊಳಗೆ ಬಂದರು. ಮತ್ತೆ ಇಬ್ಬರೂ ಸೇರಿ ಹತ್ತಿಸಿದೆವು.

ಆಮೇಲೆ ಅದೇ ರೂಢಿಯಾಯಿತು. ಪ್ರತಿ ಭಾನುವಾರ "ಒಂಚೂರು ಇಡ್ಕೊ ಬಾರೆ." ಪ್ರತಿ ಭಾನುವಾರ ನಾನು ಕಲ್ಲಿನ ಮೇಲೆ. ಮೀನು ಸಿಕ್ಕರೆ ಸಾರು, ಇಲ್ಲದಿದ್ದರೆ ಬೇಳೆ. ನಾನು ಊರಿನ ಹೆಂಗಸರಿಗೆಲ್ಲ ಚಕ್ರದ ವಿದ್ಯೆ ಹೇಳಿಕೊಂಡು ತಿರುಗಿದೆ. ಒಳಗೆ ಮಾತ್ರ ಏನೋ ಕೊರೆಯುತ್ತಿತ್ತು. ಅವರು ಹಗ್ಗ ಹಿಡಿದು ನನಗಾಗಿ ಕಾಯುವಾಗ ಗೋಡೆ ನೋಡಿಕೊಂಡು ನಿಲ್ಲುತ್ತಿದ್ದ ಹಾಗೆಯೇ ನೀರು ನೋಡಿಕೊಂಡು ನಿಂತಿರುತ್ತಿದ್ದರು. ಹೇಳಿಬಿಡಲೇ? ಹೇಳಿದರೆ ಹೋಗಿಬಿಡುತ್ತಾರೆ. ಹೇಳದಿದ್ದರೆ? ಒಂದು ವಾರ ನಾನು ಮಾಡಿದ್ದೇ ಸರಿ ಅನ್ನಿಸುತ್ತಿತ್ತು, ಇನ್ನೊಂದು ವಾರ ನನ್ನಂಥ ದ್ರೋಹಿ ಇಲ್ಲ ಅನ್ನಿಸುತ್ತಿತ್ತು. ಹೀಗೆಯೇ ಒಂದೂವರೆ ವರ್ಷ ಹೋಯಿತು.

ಏಪ್ರಿಲ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಹಾಸನಕ್ಕೆ ಹೋಗಬೇಕಾಯಿತು. ಹತ್ತು ದಿನ. ಮಗಳೂ ಅಲ್ಲೇ ಇದ್ದಳು, ಸಾಲಗಾಮೆಯ ನೆಂಟರ ಮನೆಯಲ್ಲಿ ಇಬ್ಬರೂ ಉಳಿದುಕೊಂಡೆವು. ಅಡುಗೆಗೆ ಪಕ್ಕದ ಮನೆಯ ಅಕ್ಕನಿಗೆ ಹೇಳಿ ಹೋಗಿದ್ದೆ. ವಾಪಸ್ಸು ಬಂದ ದಿನ ಬಸ್ಸಿಳಿದು ಬರುತ್ತಿದ್ದಾಗ ಆ ಅಕ್ಕನೇ ಎದುರು ಸಿಕ್ಕಳು.

"ಊಟ ಚೆನ್ನಾಗೇ ಮಾಡ್ತಿದ್ರು ಕಣವ್ವ. ಆದ್ರೆ ದಿನಾ ಬೆಳುಗ್ಗೆ ಆ ಜಾಕೀಟು ಆಕ್ಕೊಂಡು ಓಗಿ ದೋಣಿ ಪಕ್ಕ ಕೂತಿರೋರು. ನಮ್ಮನೆಯೋರು 'ಇಡ್ಕೊಡ್ಲಾ' ಅಂತ ಕೇಳುದ್ರೆ, 'ಬ್ಯಾಡ, ಸುಮ್ನೆ ಕೂತಿವ್ನಿ' ಅನ್ನೋರು. ಬಿಸ್ಲು ಏರುದ್ಮೇಲೆ ಎದ್ದು ಬರೋರು."

ಬ್ಯಾಗು ಜಗಲಿಯ ಮೇಲೆ ಇಟ್ಟು ನೇರ ಪಂಪ್‌ಹೌಸಿಗೆ ಹೋದೆ. ಅವರು ಊರೊಳಗೆ ಹೋಗಿದ್ದರು. ದೋಣಿ ಒಳಗೇ ಇತ್ತು. ನೀರು ಆಗ ತೀರ ಕೆಳಗೆ. ಬಾಗಿಲಿನ ಮುಂದೆ ಮಣ್ಣಿನಲ್ಲಿ ಎರಡು ಚಕ್ರದ ಗುರುತು ಐದಾರು ಅಡಿ ಹೋಗಿ, ನಿಂತು, ವಾಪಸ್ಸು ಬಂದಿತ್ತು. ಅದರ ಪಕ್ಕ ಇನ್ನೊಂದು ಗುರುತು, ಅದೂ ಅಷ್ಟೇ ದೂರ. ಮತ್ತೊಂದು. ಒಂದರ ಮೇಲೊಂದು, ಎಷ್ಟು ಸಲ ಎಂದು ಎಣಿಸಲಾಗದಷ್ಟು. ನನಗೆ ಅಲ್ಲೇ ಅಳು ಬಂತು. ನನ್ನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಾವಿ ಅವರ ಕೈ ತೆಗೆದುಕೊಂಡಿತ್ತು. ಉಳಿದದ್ದನ್ನು ನಾನು ತೆಗೆದುಕೊಂಡು ಕೂತಿದ್ದೆ.

ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಒಬ್ಬಳೇ ಹೋದೆ. ವೆಲ್ಡರ್‌ಗೆ ಅಳತೆ ಹೇಳಿದೆ, ಕಾಗದ ಬೇಕಾಗಲಿಲ್ಲ. ಅಡ್ಡ ಕೊಳವೆ, ಮೇಲೆ ದೋಣಿ ಕೂರಲು ಎರಡು ಬಾಗಿದ ಪಟ್ಟಿ, ಪಟ್ಟಿಗೆ ಗೋಣಿತಾಟು ಸುತ್ತುವುದು. "ಅವತ್ತೇ ಅನ್ಕಂಡೆ ಅಮ್ಮ, ಒಟ್ಟೆ ಕೆಳುಕ್ಕೇ ಸರಿ ಅಂತ" ಎಂದ ಅವನು. ಗಾಡಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದೆ. ಇವರಿಗೆ, "ಹಾಸನದಲ್ಲಿ ಪೇಪರ್ ತಿದ್ದೋಕೆ ಬಂದಿದ್ದ ಫಿಸಿಕ್ಸ್ ಮೇಷ್ಟ್ರು ಒಬ್ಬರು ಹೇಳಿದ್ರು, ಹೀಗೆ ಮಾಡಿದ್ರೆ ಹಗುರ ಅಂತೆ" ಎಂದು ಸುಳ್ಳು ಹೇಳಿದೆ. ಒಂದು ತಪ್ಪು ಮುಚ್ಚಲು ಇನ್ನೊಂದು. ಇವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಚೆನ್ನಾಗದೆ" ಎಂದರು.

ಹಿಂದಿನ ಹಲಗೆಯ ಚಕ್ರಗಳನ್ನು ಬಿಚ್ಚಿ ಈ ಅಚ್ಚಿಗೆ ಹಾಕಿದೆವು. ಸಂಜೆ ನಾಲ್ಕರ ಬಿಸಿಲು. ಇವರು ಮೂತಿಯ ಹಗ್ಗವನ್ನು ಎಡಗೈಯಲ್ಲಿ ಹಿಡಿದರು. ದೋಣಿ ಬಂತು. ಭುಜ ಏಳಲೇ ಇಲ್ಲ, ಬಾಯಿ ಬಿಗಿಯಲಿಲ್ಲ. ಬಿರುಕು ಬಿಟ್ಟ ಹೂಳಿನ ಮೇಲೆ ಮೆಲ್ಲಗೆ ಕುಲುಕಿಕೊಂಡು, ಬೊಡ್ಡೆಗಳನ್ನು ಬಳಸಿಕೊಂಡು, ಕರುವನ್ನು ಹೊಡೆದುಕೊಂಡು ಹೋಗುವ ಹಾಗೆ ಅವರು ಅದನ್ನು ಕರೆದುಕೊಂಡು ಹೋದರು. ಕೆಸರು ಬಂದಲ್ಲಿ ಒಂದು ಸಲ ನಿಂತರು. ನನ್ನ ಕಾಲು ತಾನಾಗಿ ಮುಂದೆ ಹೋಯಿತು, ಹಿಡಿದು ನಿಲ್ಲಿಸಿಕೊಂಡೆ. ಅವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಗ್ಗಿ ನಡೆದರು. ನೀರು ಮುಟ್ಟಿತು. ದೋಣಿ ತೇಲಿತು. ಮೋಟರಿನ ಸದ್ದು ದೂರವಾಗುತ್ತಾ ಹೋಯಿತು.

ತಿದ್ದಲು ಪೇಪರುಗಳೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ನಿಂತೇ ಇದ್ದೆ. ದಿಬ್ಬದ ಹಿಂದೆ ಮರೆಯಾದರು. ಸದ್ದು ನಿಂತಿತು. ದೂರಕ್ಕೆ ಕೇಳಿಸುತ್ತಿಲ್ಲವೋ, ಮೋಟರೇ ನಿಂತಿತೋ? ಅಷ್ಟು ಹೊತ್ತನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಆಮೇಲೆ ದಿಬ್ಬದ ಈಚೆ ಕಿತ್ತಳೆ ಬಣ್ಣದ ಚುಕ್ಕೆ ಕಂಡಿತು.

ಅವರು ದೋಣಿಯನ್ನು ಗಾಡಿಯ ಮೇಲಕ್ಕೆ ತೇಲಿಸಿಕೊಂಡು, ಹಗ್ಗ ಬಿಗಿದು, ಪ್ಯಾಂಟಿನ ನೀರು ಹಿಂಡಿಕೊಳ್ಳುತ್ತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

"ರೀ, ಯಾವ ಮೇಷ್ಟ್ರೂ ಹೇಳಲಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ವೆಲ್ಡಿಂಗ್ ಮಾಡಿಸೋಕೆ ಹೋಗೋ ಮುಂಚೇನೇ ಗೊತ್ತಿತ್ತು."

ಅವರು ತಲೆಯೆತ್ತಲಿಲ್ಲ. ಪ್ಯಾಂಟಿನ ಇನ್ನೊಂದು ಕಾಲು ಹಿಂಡಿದರು.

"ನಂಗೂ ಗೊತ್ತಿತ್ತು ಕಣೆ. ಮುಂಭಾರ ತಿಳೀದಂಗಿರಕ್ಕೆ ನಾನೇನು ಗಾಡಿ ಒಡೀದೆ ಬೆಳ್ದಿವ್ನಾ? ಆ ವೆಲ್ಡರ್ರೇ ಕೇಳುದ್ನಲ್ಲ, ಒಟ್ಟೆ ಕೆಳುಕ್ಕಾ ಅಂತ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನು ಎದ್ರುಕೊಂಡಿದ್ದೆ. ಆ ಬುಕ್ಕು ಇಡ್ಕಂಡು ಸುಮ್ಸುಮ್ನೆ ಸೆರಗು ಸರಿಮಾಡ್ಕಂತಿದ್ದೆ. ನಿನಗೆ ಎದ್ರಿಕೆ ಓಗ್ಲಿ, ಆಮೇಲ್ ನೋಡಾನ ಅಂದ್ಕೊಂಡೆ."

ಒಂದೂವರೆ ವರ್ಷ, ಪ್ರತಿ ಭಾನುವಾರ, ಯಾರನ್ನೂ ಕರೆಯಬಾರದು ಎಂದಿದ್ದ ಮನುಷ್ಯ ನನ್ನನ್ನು ಕರೆದಿದ್ದರು. ನನ್ನ ಸುಳ್ಳಿನ ಭಾರವನ್ನೆಲ್ಲ ಆ ಪ್ಲೇಟು ಹಾಕಿದ ಭುಜದ ಮೇಲೆ ಹೊತ್ತುಕೊಂಡು, ಒಂದು ದಿನವೂ ಎತ್ತಿ ಆಡಲಿಲ್ಲ.

"ಈಗ ಓಯ್ತಾ?" ಎಂದು ಕೇಳಿದರು.

"ಇಲ್ಲ" ಎಂದೆ. "ಇನ್ನೂ ಇದೆ."

"ಇರ್ಲಿ ಬುಡು" ಎಂದು ಅವರು ಹಗ್ಗ ಹಿಡಿದರು. ನಾನು ಹಗ್ಗ ಮುಟ್ಟಲಿಲ್ಲ. ಅವರು ದೋಣಿ ಎಳೆದುಕೊಂಡು ಮುಂದೆ ನಡೆದರು, ನಾನು ಹಿಂದೆ ನಡೆದೆ.